ಒಂದೇ ಮಾತ್ರೆಯಲ್ಲಿ ಎರಡು ಮದ್ದು: ವಿಷವೇರಿದಾಗ ಆಸ್ಪತ್ರೆಯವರು ಏನನ್ನು ನೋಡುತ್ತಾರೆ?



ನಮ್ಮ ಕಾಸರಗೋಡಿನ ಕಡೆ 'ಮದ್ದು' ಎಂಬ ಒಂದೇ ಶಬ್ದಕ್ಕೆ ಎರಡು ಅರ್ಥ. ಮಳೆಗಾಲ ಹಿಡಿಯುವ ಮೊದಲು ಅಡಿಕೆ ಮರಕ್ಕೆ ಬಿಡುವುದೂ ಮದ್ದೇ, ಜ್ವರ ಬಂದಾಗ ನಾವು ನುಂಗುವುದೂ ಮದ್ದೇ. ತೋಟದ ಮದ್ದಿನ ವಿಷಯದಲ್ಲಿ ನಮ್ಮವರಿಗೆ ಈಗ ಸಾಕಷ್ಟು ತಿಳಿವಳಿಕೆ ಬಂದಿದೆ. ಗೇರು ತೋಟಗಳ ಮೇಲೆ ವರ್ಷಗಟ್ಟಲೆ ಸುರಿದ ಎಂಡೋಸಲ್ಫಾನ್ ಆ ಪಾಠವನ್ನು ಬಹಳ ದುಬಾರಿ ಬೆಲೆಗೆ ಕಲಿಸಿತು. ಆದರೆ ಮನೆಯ ಕಪಾಟಿನಲ್ಲಿ, ಬೈಬಲಿನ ಪಕ್ಕದಲ್ಲೋ ಕನ್ನಡಿಯ ಹಿಂದೆಯೋ ಇಟ್ಟಿರುವ ಮಾತ್ರೆಗಳೂ ಅಳತೆ ತಪ್ಪಿದರೆ ವಿಷವೇ ಎಂಬುದನ್ನು ನಾವು ಅಷ್ಟಾಗಿ ಯೋಚಿಸುವುದಿಲ್ಲ.

ಈ ಸಲ ನಾವು ಬರೆಯಲು ಹೊರಟಿರುವುದು ಅಂತಹ ಎರಡು ಜಾತಿಯ ಮಾತ್ರೆಗಳ ಬಗ್ಗೆ. ಒಂದು, ಮನಸ್ಸಿನ ಖಿನ್ನತೆಗೆ ಕೊಡುವ ಮಾತ್ರೆ. ಇನ್ನೊಂದು, ಗಾಬರಿ ಮತ್ತು ನಿದ್ರಾಹೀನತೆಗೆ ಕೊಡುವ ಶಾಮಕ ಮಾತ್ರೆ. ಇವೆರಡೂ ಒಟ್ಟಿಗೆ ಹೆಚ್ಚಾಗಿ ಹೊಟ್ಟೆ ಸೇರಿದಾಗ ಏನಾಗುತ್ತದೆ? ಅಂತಹ ರೋಗಿಯನ್ನು ತಂದಾಗ ಆಸ್ಪತ್ರೆಯವರು ಯಾವ ಕ್ರಮದಲ್ಲಿ ಪರೀಕ್ಷಿಸುತ್ತಾರೆ? ಮನೆಯವರು ಹೇಳುವ ಒಂದು ಮಾತಿನಿಂದ ಚಿಕಿತ್ಸೆಯ ದಾರಿ ಹೇಗೆ ಬದಲಾಗುತ್ತದೆ? ಇದನ್ನು ತಿಳಿದುಕೊಂಡರೆ ಒಂದು ಜೀವ ಉಳಿಯಬಹುದು. ಹೆದರಿಸುವುದು ನಮ್ಮ ಉದ್ದೇಶವಲ್ಲ. ವೈದ್ಯರು ಕೊಟ್ಟ ಅಳತೆಯಲ್ಲಿ ತೆಗೆದುಕೊಂಡರೆ ಈ ಮಾತ್ರೆಗಳು ಎಷ್ಟೋ ಮಂದಿಯನ್ನು ಹಾಸಿಗೆಯಿಂದ ಎಬ್ಬಿಸಿ ತೋಟದ ಕೆಲಸಕ್ಕೆ ಮರಳಿ ಕಳುಹಿಸಿವೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇವೆ.

ಯಾವುವು ಈ ಮಾತ್ರೆಗಳು?

ಖಿನ್ನತೆಯ ಮಾತ್ರೆಗಳಲ್ಲಿ ಹಳೆಯ ಗುಂಪೊಂದಿದೆ, ಹೊಸ ಗುಂಪೊಂದಿದೆ. ಹಳೆಯ ಗುಂಪಿಗೆ 'ಟ್ರೈಸೈಕ್ಲಿಕ್' ಎಂದು ಹೆಸರು. ಅದರಲ್ಲಿ ಮೊದಲನೆಯದಾದ ಇಮಿಪ್ರಮಿನ್ ಖಿನ್ನತೆಗೆ ಗುಣಕಾರಿ ಎಂದು ಸ್ವಿಟ್ಜರ್ಲೆಂಡಿನ ವೈದ್ಯ ರೋಲಂಡ್ ಕೂನ್ 1957ರಲ್ಲಿ ಪ್ರಕಟಿಸಿದರು. ಅಮಿಟ್ರಿಪ್ಟಿಲಿನ್ ಅದೇ ಗುಂಪಿನದು. ಇದನ್ನು ಖಿನ್ನತೆಗೆ ಮಾತ್ರ ಕೊಡುವುದಲ್ಲ. ಮೈಗ್ರೇನ್ ತಲೆನೋವಿಗೆ, ಸಕ್ಕರೆ ಕಾಯಿಲೆಯವರ ಕಾಲಿನ ನರಗಳ ಉರಿಗೆ ಕೂಡ ಸಣ್ಣ ಅಳತೆಯಲ್ಲಿ ಕೊಡುತ್ತಾರೆ. ಆದುದರಿಂದ 'ನಮ್ಮ ಮನೆಯಲ್ಲಿ ಮನಸ್ಸಿನ ಕಾಯಿಲೆಯವರು ಯಾರೂ ಇಲ್ಲ, ಆ ಮಾತ್ರೆಯೂ ಇಲ್ಲ' ಎಂದುಕೊಳ್ಳಬಾರದು. ಅಜ್ಜನ ಕಾಲುರಿಯ ಚೀಟಿಯಲ್ಲಿ ಅದು ಇರಬಹುದು.

ಹೊಸ ಗುಂಪಿನಲ್ಲಿ ಎಸ್ಸಿಟಾಲೋಪ್ರಾಮ್, ಸರ್ಟ್ರಾಲಿನ್, ಫ್ಲೂಆಕ್ಸೆಟಿನ್ ಮೊದಲಾದವು ಬರುತ್ತವೆ. ಇವು ಹಳೆಯವುಗಳಿಗಿಂತ ಹೃದಯಕ್ಕೆ ಸೌಮ್ಯ. ಹಾಗೆಂದು ಪೂರ್ತಿ ನಿರಪಾಯಕಾರಿ ಅಲ್ಲ.

ಶಾಮಕಗಳಲ್ಲಿ ಮುಖ್ಯವಾದುದು ಬೆಂಜೊಡಯಜೆಪಿನ್ ಗುಂಪು. ಇದರ ಮೊದಲ ಮಾತ್ರೆಯಾದ ಕ್ಲೋರ್‌ಡಯಜೆಪಾಕ್ಸೈಡ್ 1960ರಲ್ಲಿ ಮಾರುಕಟ್ಟೆಗೆ ಬಂದಿತು. ಆಮೇಲೆ ಡಯಜೆಪಾಮ್, ಆಲ್ಪ್ರಜೋಲಾಮ್, ಕ್ಲೋನಜೆಪಾಮ್ ಬಂದವು.

ನಮ್ಮ ದೇಶದಲ್ಲಿ ಈ ಎರಡೂ ಜಾತಿಯ ಮದ್ದನ್ನು ಒಂದೇ ಮಾತ್ರೆಯೊಳಗೆ ಸೇರಿಸಿ ಮಾರುವುದು ಸಾಮಾನ್ಯ ಎಂಬುದನ್ನು ಗಮನಿಸಬೇಕು. ಅಮಿಟ್ರಿಪ್ಟಿಲಿನ್ ಜೊತೆ ಕ್ಲೋರ್‌ಡಯಜೆಪಾಕ್ಸೈಡ್, ಎಸ್ಸಿಟಾಲೋಪ್ರಾಮ್ ಜೊತೆ ಕ್ಲೋನಜೆಪಾಮ್, ಹೀಗೆ ಜೋಡಿ ಮಾತ್ರೆಗಳು ಬೇರೆ ಬೇರೆ ಕಂಪೆನಿಗಳ ಹೆಸರಿನಲ್ಲಿ ಸಿಗುತ್ತವೆ. ನುಂಗುವವರಿಗೆ ಅದು 'ನಿದ್ರೆಯ ಮಾತ್ರೆ'. ಆದರೆ ಹೊಟ್ಟೆಗೆ ಹೋಗುವುದು ಎರಡು ಮದ್ದು. ಗಡಿಯಲ್ಲಿರುವ ನಮಗೆ ಇನ್ನೂ ಒಂದು ತೊಡಕು ಇದೆ. ಮಂಗಳೂರಿನ ವೈದ್ಯರ ಚೀಟಿ ಒಂದು, ಕಾಸರಗೋಡಿನ ವೈದ್ಯರ ಚೀಟಿ ಇನ್ನೊಂದು. ಕಂಪೆನಿಯ ಹೆಸರು ಬೇರೆಯಾದುದರಿಂದ ಒಂದೇ ಶಾಮಕವನ್ನು ಎರಡು ಪಾಲು ನುಂಗುತ್ತಿದ್ದರೂ ಮನೆಯವರಿಗೆ ಗೊತ್ತಾಗುವುದಿಲ್ಲ.

ಎರಡೂ ಸೇರಿದರೆ ಏನಾಗುತ್ತದೆ?

ಶಾಮಕ ಒಂದೇ ಹೆಚ್ಚಾದರೆ ಸಾಮಾನ್ಯವಾಗಿ ಆಳವಾದ ನಿದ್ರೆ, ತೊದಲು ಮಾತು, ಜೋಲಿ ಹೊಡೆಯುವುದು. ಆರೋಗ್ಯವಂತರಾದ ಪ್ರಾಯದವರಲ್ಲಿ ಹೃದಯ ಮತ್ತು ರಕ್ತದೊತ್ತಡ ಬಹುಮಟ್ಟಿಗೆ ತಡೆದುಕೊಳ್ಳುತ್ತವೆ. ಮುದುಕರಲ್ಲಿ, ಮದ್ಯ ಕುಡಿದವರಲ್ಲಿ, ಬೇರೆ ಮದ್ದು ಸೇರಿದವರಲ್ಲಿ ಮಾತ್ರ ಉಸಿರಾಟ ಕುಗ್ಗುತ್ತದೆ.

ಹಳೆಯ ಗುಂಪಿನ ಖಿನ್ನತೆಯ ಮಾತ್ರೆಯ ರೀತಿಯೇ ಬೇರೆ. ಅದು ಹೃದಯದ ಸ್ನಾಯುವಿನೊಳಗೆ ಸೋಡಿಯಂ ನುಗ್ಗುವ ಬಾಗಿಲನ್ನು ಅಡ್ಡಗಟ್ಟುತ್ತದೆ. ಹೃದಯ ಬಡಿಯಬೇಕಾದರೆ ಒಂದು ವಿದ್ಯುತ್ ಸೂಚನೆ ಅದರಲ್ಲಿ ಹರಿಯಬೇಕು. ಬಾಗಿಲು ಅರ್ಧ ಮುಚ್ಚಿದರೆ ಆ ಸೂಚನೆ ತೆವಳುತ್ತದೆ, ಬಡಿತದ ಲಯ ಕೆಡುತ್ತದೆ. ರಕ್ತನಾಳಗಳು ಸಡಿಲಗೊಂಡು ರಕ್ತದೊತ್ತಡ ಇಳಿಯುತ್ತದೆ. ಮೆದುಳಿನಲ್ಲಿ ಸೆಳವು ಹುಟ್ಟಬಹುದು. ಇದಲ್ಲದೆ ಬಾಯಿ ಒಣಗುವುದು, ಚರ್ಮ ಕೆಂಪಾಗಿ ಬಿಸಿಯಾಗುವುದು, ಕಣ್ಣಿನ ಪಾಪೆ ಅಗಲವಾಗುವುದು, ಮೂತ್ರ ಕಟ್ಟುವುದು ಇವೂ ಇವೆ.

ಎರಡೂ ಸೇರಿದಾಗ ಒಂದು ವಿಷ ಇನ್ನೊಂದಕ್ಕೆ ಕೈಜೋಡಿಸುತ್ತದೆ. ಶಾಮಕದಿಂದ ಉಸಿರು ನಿಧಾನವಾದರೆ ದೇಹದೊಳಗೆ ಇಂಗಾಲದ ಡಯಾಕ್ಸೈಡ್ ಕೂಡಿಕೊಂಡು ರಕ್ತ ಹುಳಿಯಾಗುತ್ತದೆ, ಅಂದರೆ ಆಮ್ಲದ ಅಂಶ ಏರುತ್ತದೆ. ರಕ್ತ ಹುಳಿಯಾದಷ್ಟೂ ಖಿನ್ನತೆಯ ಮಾತ್ರೆಯ ಹಿಡಿತ ಹೃದಯದ ಮೇಲೆ ಬಿಗಿಯಾಗುತ್ತದೆ. ಆದುದರಿಂದ 'ಮಲಗಿದ್ದಾನಲ್ಲ, ನಿದ್ರೆ ಮುಗಿದ ಮೇಲೆ ಎದ್ದಾನು' ಎಂದು ಮನೆಯಲ್ಲೇ ಬಿಡುವುದು ಅತ್ಯಂತ ಅಪಾಯ. ಹೊರಗೆ ಕಾಣುವ ನಿದ್ರೆಯ ಒಳಗೆ ಹೃದಯ ಸೋಲುತ್ತಿರಬಹುದು. ಅದಕ್ಕಿಂತ ಮೋಸದ ಸಂಗತಿ ಇನ್ನೊಂದಿದೆ. ಆಸ್ಪತ್ರೆಗೆ ಬರುವಾಗ ಮಾತನಾಡುತ್ತಲೇ ಬಂದ ರೋಗಿ ಒಂದು ಗಂಟೆಯೊಳಗೆ ಪ್ರಜ್ಞೆ ತಪ್ಪಿ ಸೆಳವಿಗೆ ಒಳಗಾಗುವುದುಂಟು.

ಆಸ್ಪತ್ರೆಯ ಬಾಗಿಲಲ್ಲಿ

ತುರ್ತು ವಿಭಾಗದವರು ಮೊದಲು ಕೇಳುವುದು 'ಏನು ತಿಂದರು' ಎಂದಲ್ಲ. ಮೊದಲು ಉಸಿರಿನ ದಾರಿ ತೆರೆದಿದೆಯೇ ಎಂದು ನೋಡುತ್ತಾರೆ. ನಾಲಗೆ ಹಿಂದಕ್ಕೆ ಬಿದ್ದಿದೆಯೇ, ವಾಂತಿ ಗಂಟಲಲ್ಲಿ ನಿಂತಿದೆಯೇ? ಆಮೇಲೆ ನಿಮಿಷಕ್ಕೆ ಎಷ್ಟು ಸಲ ಉಸಿರಾಡುತ್ತಾರೆ, ನಾಡಿ ಎಷ್ಟು, ರಕ್ತದೊತ್ತಡ ಎಷ್ಟು, ಮೈ ಬಿಸಿ ಎಷ್ಟು ಎಂಬ ಲೆಕ್ಕ. ಬೆರಳಿಗೆ ಕ್ಲಿಪ್ ಹಾಕಿ ಆಮ್ಲಜನಕ ನೋಡುತ್ತಾರೆ. ಆದರೆ ಆ ಯಂತ್ರ ಇಂಗಾಲದ ಡಯಾಕ್ಸೈಡನ್ನು ತೋರಿಸುವುದಿಲ್ಲ. ಮೂಗಿಗೆ ಆಮ್ಲಜನಕದ ಕೊಳವೆ ಇಟ್ಟ ರೋಗಿಯಲ್ಲಿ ಅಂಕಿ ಚೆನ್ನಾಗಿ ಕಾಣುತ್ತಿದ್ದರೂ ಉಸಿರು ಸಾಲದೆ ಹೋಗಿರಬಹುದು. ಅದಕ್ಕಾಗಿ ಎದೆಯ ಏರಿಳಿತವನ್ನು ಕಣ್ಣಿನಿಂದಲೇ ನೋಡುತ್ತಾರೆ, ಬೇಕಾದರೆ ರಕ್ತದ ಅನಿಲ ಪರೀಕ್ಷೆ ಮಾಡಿಸುತ್ತಾರೆ.

ಬೆರಳು ಚುಚ್ಚಿ ಸಕ್ಕರೆಯ ಅಂಶವನ್ನೂ ಕೂಡಲೇ ನೋಡುತ್ತಾರೆ. ಸಕ್ಕರೆ ಕುಸಿದು ಪ್ರಜ್ಞೆ ತಪ್ಪಿದವರನ್ನು ಮಾತ್ರೆ ನುಂಗಿದವರೆಂದು ತಪ್ಪು ತಿಳಿಯಬಾರದು. ಮಾತ್ರೆಗಳ ಜೊತೆ ಸಕ್ಕರೆ ಕಾಯಿಲೆಯ ಮಾತ್ರೆಯೂ ಹೋಗಿರುವ ಸಾಧ್ಯತೆ ಇದ್ದೇ ಇದೆ.

ಪ್ರಜ್ಞೆಯ ಮಟ್ಟವನ್ನು ಅಳೆಯಲು 'ಗ್ಲಾಸ್ಗೋ' ಎಂಬ ಅಳತೆಗೋಲು ಇದೆ. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ವೈದ್ಯರಾದ ಟೀಸ್‌ಡೇಲ್ ಮತ್ತು ಜೆನ್ನೆಟ್ 1974ರಲ್ಲಿ ಇದನ್ನು ರೂಪಿಸಿದರು. ಕಣ್ಣು ತೆರೆಯುವುದಕ್ಕೆ ಹೆಚ್ಚೆಂದರೆ 4 ಅಂಕ, ಮಾತಿಗೆ 5, ಕೈಕಾಲು ಆಡಿಸುವುದಕ್ಕೆ 6. ಪೂರ್ತಿ ಎಚ್ಚರವಿದ್ದವರಿಗೆ 15, ಏನೂ ಸ್ಪಂದನೆ ಇಲ್ಲದವರಿಗೆ 3. ತಲೆಗೆ ಪೆಟ್ಟಾದವರಿಗೆಂದು ಮಾಡಿದ ಈ ಅಳತೆ ವಿಷವೇರಿದವರಲ್ಲೂ ಉಪಯೋಗಕ್ಕೆ ಬರುತ್ತದೆ. ಆದರೆ ಇಲ್ಲಿ ಒಂದು ಸಲ ಬರೆದಿಟ್ಟ ಅಂಕಕ್ಕಿಂತ ಅದು ಇಳಿಯುತ್ತಿದೆಯೋ ಏರುತ್ತಿದೆಯೋ ಎಂಬುದೇ ಮುಖ್ಯ. ನರ್ಸ್ ಪದೇ ಪದೇ ಬಂದು ಹೆಸರು ಕೂಗಿ ಎಬ್ಬಿಸಲು ನೋಡಿದರೆ 'ಪಾಪ, ಮಲಗಲಿ ಬಿಡಿ' ಎನ್ನಬೇಡಿ. ಅವರು ಎಣಿಸುತ್ತಿರುವುದು ಈ ಅಂಕವನ್ನೇ. ಕೆಮ್ಮಿ ಗಂಟಲು ಸರಿಮಾಡಿಕೊಳ್ಳುವ ಶಕ್ತಿ ಹೋಗಿದ್ದರೆ ಗಂಟಲಿಗೆ ಕೊಳವೆ ಇಳಿಸಿ ಯಂತ್ರದಿಂದ ಉಸಿರಾಟ ಕೊಡುತ್ತಾರೆ. ಕೊಳವೆ ಹಾಕಿದರೆಂದರೆ ಆಸೆ ಹೋಯಿತು ಎಂದು ಅಳಬೇಕಾಗಿಲ್ಲ. ವಿಷ ಇಳಿಯುವವರೆಗೆ ಶ್ವಾಸಕೋಶವನ್ನು ಕಾಯುವ ಉಪಾಯ ಅದು.

ತೋಟದ ಮದ್ದೋ, ಕಪಾಟಿನ ಮದ್ದೋ?

ಕೃಷಿಕರ ಮನೆಯಿಂದ ಪ್ರಜ್ಞೆ ತಪ್ಪಿದವರನ್ನು ತಂದರೆ ವೈದ್ಯರ ಮನಸ್ಸಿಗೆ ಮೊದಲು ಬರುವುದು ಕೀಟನಾಶಕ. ಆದುದರಿಂದ ಅವರು ರೋಗಿಯ ಮೈಯನ್ನೇ ಓದಲು ನೋಡುತ್ತಾರೆ.

ಆರ್ಗನೊಫಾಸ್ಫೇಟ್ ಜಾತಿಯ ಕೀಟನಾಶಕವಾದರೆ ಮೈಯೆಲ್ಲ ನೀರು: ಬೆವರು, ಜೊಲ್ಲು, ಕಣ್ಣೀರು, ವಾಂತಿ, ಭೇದಿ. ಕಣ್ಣಿನ ಪಾಪೆ ಸೂಜಿಯ ಮೊನೆಯಷ್ಟು ಸಣ್ಣದು. ನಾಡಿ ಹೆಚ್ಚಾಗಿ ನಿಧಾನ. ಹಳೆಯ ಗುಂಪಿನ ಖಿನ್ನತೆಯ ಮಾತ್ರೆಯಾದರೆ ಎಲ್ಲವೂ ತಿರುವುಮುರುವು: ಬಾಯಿ ಒಣ, ಕಂಕುಳು ಒಣ, ಪಾಪೆ ಅಗಲ, ನಾಡಿ ವೇಗ, ಹೊಟ್ಟೆಯಲ್ಲಿ ಕರುಳಿನ ಸದ್ದಿಲ್ಲ. ಉಮ್ಮತ್ತದ ಕಾಯಿ ತಿಂದವರಲ್ಲಿ ಕಾಣುವುದೂ ಹೆಚ್ಚುಕಡಿಮೆ ಇದೇ ಚಿತ್ರ.

ಇದನ್ನು ಇಷ್ಟು ವಿವರವಾಗಿ ಬರೆಯಲು ಕಾರಣವಿದೆ. ಆರ್ಗನೊಫಾಸ್ಫೇಟಿಗೆ ಪ್ರತಿವಿಷ ಅಟ್ರೋಪಿನ್. ಅದು ಮೈಯನ್ನು ಒಣಗಿಸುತ್ತದೆ, ನಾಡಿಯನ್ನು ಏರಿಸುತ್ತದೆ. ಖಿನ್ನತೆಯ ಮಾತ್ರೆಯಿಂದ ಈಗಾಗಲೇ ಮೈ ಒಣಗಿ ನಾಡಿ ಓಡುತ್ತಿರುವವರಿಗೆ ಅದೇ ಅಟ್ರೋಪಿನ್ ಕೊಟ್ಟರೆ ಉರಿಗೆ ತುಪ್ಪ ಸುರಿದ ಹಾಗೆ. ಜೊತೆಗೆ ಶಾಮಕವೂ ಸೇರಿದ್ದರೆ ಲಕ್ಷಣಗಳು ಕಲಸಿಹೋಗುತ್ತವೆ. ಓಡಬೇಕಾದ ನಾಡಿ ಅಷ್ಟು ಓಡದಿರಬಹುದು, ಚಡಪಡಿಸಬೇಕಾದವರು ಸುಮ್ಮನೆ ಮಲಗಿರಬಹುದು. ಆಗ ವೈದ್ಯರಿಗೆ ದಾರಿ ತೋರಿಸುವುದು ಮನೆಯವರ ಕೈಯಲ್ಲಿರುವ ಖಾಲಿ ಮಾತ್ರೆಯ ಹಾಳೆ ಮತ್ತು ಸತ್ಯವಾದ ಮಾತು.

ಮೂತ್ರ ಪರೀಕ್ಷೆಯಿಂದ ಎಲ್ಲ ಗೊತ್ತಾಗುತ್ತದೆ ಎಂದು ಹಲವರ ನಂಬಿಕೆ. ನಿಜವಾಗಿ ಆ ಪರೀಕ್ಷೆ ಬೇರೆ ಮದ್ದುಗಳಿಗೂ 'ಇದೆ' ಎಂದು ಸುಳ್ಳು ಉತ್ತರ ಕೊಡುವುದುಂಟು, ಕೆಲವು ಶಾಮಕಗಳನ್ನು ಹಿಡಿಯದೆ ಬಿಡುವುದೂ ಉಂಟು. ರಕ್ತದಲ್ಲಿ ಮಾತ್ರೆಯ ಪ್ರಮಾಣ ಅಳೆಯುವ ಪರೀಕ್ಷೆಯ ಉತ್ತರಕ್ಕಾಗಿ ಕಾಯಲು ಸಮಯವಿರುವುದಿಲ್ಲ. ಒಂದು ರಕ್ತ ಪರೀಕ್ಷೆಯನ್ನು ಮಾತ್ರ ಮರೆಯುವಂತಿಲ್ಲ, ಅದು ಪ್ಯಾರಸಿಟಮಾಲ್ ಪರೀಕ್ಷೆ. ಮನೆಮನೆಯಲ್ಲಿರುವ ಈ ಜ್ವರದ ಮಾತ್ರೆ ಹೆಚ್ಚಾದರೆ ಮೊದಲ ದಿನ ಏನೂ ತೋರಿಸದೆ ಆಮೇಲೆ ಯಕೃತ್ತನ್ನು ಕೆಡಿಸುತ್ತದೆ. ಅದಕ್ಕೆ ಒಳ್ಳೆಯ ಪ್ರತಿವಿಷ ಇದೆ, ಆದರೆ ಹೊತ್ತಿಗೆ ಸರಿಯಾಗಿ ಕೊಡಬೇಕು.

ಇ.ಸಿ.ಜಿ. ಹೇಳುವ ಕಥೆ

ಈ ವಿಷದಲ್ಲಿ ಎಲ್ಲ ಪರೀಕ್ಷೆಗಳಿಗಿಂತ ಹೆಚ್ಚು ಬೆಲೆಯುಳ್ಳದ್ದು ಇ.ಸಿ.ಜಿ. ಖರ್ಚು ಕಡಿಮೆ, ಐದು ನಿಮಿಷದ ಕೆಲಸ, ತಾಲೂಕು ಆಸ್ಪತ್ರೆಯಲ್ಲೂ ಸಿಗುತ್ತದೆ. ಅದರ ಕಾಗದದಲ್ಲಿ ಸಣ್ಣ ಸಣ್ಣ ಚೌಕಗಳಿರುತ್ತವೆ. ಒಂದು ಸಣ್ಣ ಚೌಕವೆಂದರೆ 0.04 ಸೆಕೆಂಡು. ಹೃದಯದ ಕೆಳಗಿನ ಕೋಣೆಗಳು ಬಡಿಯುವಾಗ ಗೆರೆ ಮೇಲೆದ್ದು ಕೆಳಗಿಳಿಯುತ್ತದೆ. ಆ ಭಾಗಕ್ಕೆ 'ಕ್ಯೂಆರ್‌ಎಸ್' ಎಂದು ಹೆಸರು. ಅದು ಎರಡೂವರೆ ಚೌಕದೊಳಗೆ, ಅಂದರೆ 0.10 ಸೆಕೆಂಡಿನೊಳಗೆ ಇದ್ದರೆ ಸಮಾಧಾನ. ಸೂಚನೆ ತೆವಳತೊಡಗಿದರೆ ಅದು ಅಗಲವಾಗುತ್ತದೆ.

ಅಮೆರಿಕದ ವೈದ್ಯರಾದ ಬೋನರ್ಟ್ ಮತ್ತು ಲವ್‌ಜಾಯ್ ಟ್ರೈಸೈಕ್ಲಿಕ್ ಮಾತ್ರೆಗಳು ವಿಷವಾದ 49 ರೋಗಿಗಳನ್ನು ಗಮನಿಸಿ 1985ರಲ್ಲಿ ಒಂದು ವರದಿ ಪ್ರಕಟಿಸಿದರು. ಕ್ಯೂಆರ್‌ಎಸ್ 0.10 ಸೆಕೆಂಡಿಗಿಂತ ಕಡಿಮೆ ಇದ್ದವರಲ್ಲಿ ಯಾರಿಗೂ ಸೆಳವು ಬರಲಿಲ್ಲ. ಅದಕ್ಕಿಂತ ಹೆಚ್ಚಿದ್ದವರಲ್ಲಿ ಸುಮಾರು ಮೂವರಲ್ಲೊಬ್ಬರಿಗೆ ಸೆಳವು ಬಂದಿತು. 0.16 ಸೆಕೆಂಡು, ಅಂದರೆ ನಾಲ್ಕು ಚೌಕ ಮುಟ್ಟಿದವರಲ್ಲಿ ಅರ್ಧದಷ್ಟು ಮಂದಿಗೆ ಹೃದಯದ ಲಯ ಅಪಾಯಕಾರಿಯಾಗಿ ಕೆಟ್ಟಿತು. ಇಂದಿಗೂ ವೈದ್ಯರು ಈ ಎರಡು ಅಂಕಿಗಳನ್ನು ನೆನಪಿಟ್ಟುಕೊಂಡೇ ಕಾಗದ ನೋಡುತ್ತಾರೆ. ಒಂದು ಸಲ ತೆಗೆದರೆ ಸಾಲದು, ಮೊದಲ ಗಂಟೆಗಳಲ್ಲಿ ಮತ್ತೆ ಮತ್ತೆ ತೆಗೆಯಬೇಕು.

ಹೊಸ ಗುಂಪಿನ ಮಾತ್ರೆಯಾದರೆ ಬೇರೆ ಎರಡು ಸಂಗತಿಗಳನ್ನು ಹುಡುಕುತ್ತಾರೆ. ಎಸ್ಸಿಟಾಲೋಪ್ರಾಮ್ ಜಾತಿಯದು 'ಕ್ಯೂಟಿ' ಎಂಬ ಇನ್ನೊಂದು ಅಂತರವನ್ನು ಉದ್ದ ಮಾಡಬಹುದು. ಸೆರೊಟೋನಿನ್ ಎಂಬ ರಾಸಾಯನಿಕ ಹೆಚ್ಚಾಗಿ ಮೈ ನಡುಗುವುದು, ಬೆವರು, ಜ್ವರ, ಚಡಪಡಿಕೆ ಬರಬಹುದು. ಅದನ್ನು ತಿಳಿಯಲು ವೈದ್ಯರು ಪಾದವನ್ನು ಥಟ್ಟನೆ ಮೇಲಕ್ಕೆ ಮಡಚಿ ಹಿಡಿದು ನೋಡುತ್ತಾರೆ. ಪಾದ ತಾನಾಗಿ ಲಯಬದ್ಧವಾಗಿ ಅದುರಿದರೆ ಅದು ಮುಖ್ಯ ಗುರುತು. ಶಾಮಕ ಸೇರಿದ್ದರೆ ಈ ಅದುರುವಿಕೆ ಅಡಗಿರಲೂಬಹುದು.

ಇದ್ದಲು, ಸೋಡಾ ಮತ್ತು ಕೊಡಬಾರದ ಪ್ರತಿವಿಷ

ಹೊಟ್ಟೆ ತೊಳೆಯುವುದು ಎಲ್ಲ ವಿಷಕ್ಕೂ ಮದ್ದು ಎಂಬ ಕಾಲ ಹೋಯಿತು. ಈಗ ಅದನ್ನು ವಾಡಿಕೆಯಾಗಿ ಮಾಡುವುದಿಲ್ಲ. ಬೇಗನೆ, ಹೆಚ್ಚಾಗಿ ಒಂದು ಗಂಟೆಯೊಳಗೆ ಬಂದವರಿಗೆ, ಎಚ್ಚರವಿದ್ದು ನುಂಗಬಲ್ಲವರಾದರೆ 'ಸಕ್ರಿಯ ಇದ್ದಲು' ನೀರಿನಲ್ಲಿ ಕಲಸಿ ಕುಡಿಸುತ್ತಾರೆ. ತೆಂಗಿನ ಗೆರಟೆಯಿಂದಲೂ ತಯಾರಾಗುವ ಈ ಇದ್ದಲನ್ನು ಕಾರ್ಖಾನೆಯಲ್ಲಿ ವಿಶೇಷವಾಗಿ ಸಂಸ್ಕರಿಸಿರುತ್ತಾರೆ. ಮಾತ್ರೆಯ ಕಣಗಳು ಅದಕ್ಕೆ ಅಂಟಿಕೊಂಡು ರಕ್ತಕ್ಕೆ ಸೇರದೆ ಹೊರಗೆ ಹೋಗುತ್ತವೆ. ಮನೆಯ ಒಲೆಯ ಇದ್ದಲು ಈ ಕೆಲಸಕ್ಕೆ ಬಾರದು. ನಿದ್ರೆ ತೂಗುವವರಿಗೆ ಗಂಟಲು ಕಾಯದೆ ಕುಡಿಸಿದರೆ ಇದ್ದಲು ಶ್ವಾಸಕೋಶಕ್ಕೆ ಹೋಗುವ ಅಪಾಯವಿದೆ. ಶಾಮಕ ನುಂಗಿದವರಲ್ಲಿ ಈ ಅಪಾಯ ಹೆಚ್ಚು.

ಕ್ಯೂಆರ್‌ಎಸ್ ಅಗಲವಾಗಿದ್ದರೆ ಸೋಡಿಯಂ ಬೈಕಾರ್ಬನೇಟನ್ನು ರಕ್ತನಾಳಕ್ಕೆ ಕೊಡುತ್ತಾರೆ. ಹೆಸರಿನಲ್ಲಿ ಇದು ಅಡುಗೆ ಸೋಡಾ. ಇದರ ಕೆಲಸ ತೋಟದವರಿಗೆ ಸುಲಭದಲ್ಲಿ ಅರ್ಥವಾದೀತು. ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿನಲ್ಲಿ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ ಹಾಕುತ್ತೇವೆ. ಆಮೇಲೆ ಕಬ್ಬಿಣದ ಕತ್ತಿಯನ್ನು ಅದ್ದಿ ನೋಡುತ್ತೇವೆ. ಕತ್ತಿಯ ಮೇಲೆ ಕೆಂಪು ಬಂದರೆ ಹುಳಿ ಉಳಿದಿದೆ ಎಂದರ್ಥ, ಇನ್ನಷ್ಟು ಸುಣ್ಣ ಹಾಕುತ್ತೇವೆ. ಇಲ್ಲಿ ಇ.ಸಿ.ಜಿ. ಮತ್ತು ರಕ್ತದ ಅನಿಲ ಪರೀಕ್ಷೆಯೇ ಕತ್ತಿ, ಬೈಕಾರ್ಬನೇಟೇ ಸುಣ್ಣ. ಅದು ರಕ್ತದ ಹುಳಿಯನ್ನು ಇಳಿಸಿ ಮಾತ್ರೆಯ ಹಿಡಿತವನ್ನು ಸಡಿಲಿಸುತ್ತದೆ. ಅದರಲ್ಲಿರುವ ಸೋಡಿಯಂ ಕೂಡ ಮುಚ್ಚಿದ ಬಾಗಿಲನ್ನು ನೂಕಿ ಒಳಗೆ ಹೋಗಲು ನೆರವಾಗುತ್ತದೆ. ಹಾಗೆಂದು ಮನೆಯಲ್ಲಿ ಸೋಡಾ ಕಲಸಿ ಕುಡಿಸಬೇಡಿ. ಅದರಿಂದ ಪ್ರಯೋಜನವಿಲ್ಲ, ವಾಂತಿಯಾಗಿ ಗಂಟಲು ಕಟ್ಟುವ ಭಯವೇ ಹೆಚ್ಚು.

ಇನ್ನು ಕೊಡಬಾರದ ಪ್ರತಿವಿಷ. ಬೆಂಜೊಡಯಜೆಪಿನ್ ಶಾಮಕಗಳಿಗೆ ಫ್ಲೂಮಜೆನಿಲ್ ಎಂಬ ಪ್ರತಿವಿಷ ಇದೆ. ಕೊಟ್ಟ ಕೆಲವೇ ನಿಮಿಷಗಳಲ್ಲಿ ರೋಗಿ ಕಣ್ಣು ಬಿಡುತ್ತಾನೆ. 'ಹಾಗಾದರೆ ಅದನ್ನೇ ಕೊಡಿ' ಎಂದು ಮನೆಯವರು ಕೇಳುವುದು ಸಹಜ. ಆದರೆ ಟ್ರೈಸೈಕ್ಲಿಕ್ ಜೊತೆಗಿದ್ದರೆ ಅದನ್ನು ಕೊಡುವುದಿಲ್ಲ. ಖಿನ್ನತೆಯ ಮಾತ್ರೆ ಸೆಳವನ್ನು ಎಬ್ಬಿಸಲು ನೋಡುತ್ತಿರುವಾಗ ಅದನ್ನು ಅದುಮಿ ಹಿಡಿದಿರುವುದು ಶಾಮಕವೇ ಆಗಿರಬಹುದು. ಪ್ರತಿವಿಷ ಕೊಟ್ಟು ಆ ಕೈಯನ್ನು ಸರಿಸಿದರೆ ಸೆಳವು ನುಗ್ಗಿ ಬರುತ್ತದೆ, ಸೆಳವಿನಿಂದ ರಕ್ತ ಮತ್ತೆ ಹುಳಿಯಾಗುತ್ತದೆ, ಹೃದಯ ಸೋಲುತ್ತದೆ. ಸೆಳವು ಬಂದಾಗ ವೈದ್ಯರು ಕೊಡುವ ಮದ್ದು ಬೆಂಜೊಡಯಜೆಪಿನ್ನೇ ಎಂಬುದನ್ನು ನೆನೆದರೆ ಇದು ಅರ್ಥವಾದೀತು. ವರ್ಷಗಳಿಂದ ಶಾಮಕಕ್ಕೆ ಒಗ್ಗಿಹೋದವರಲ್ಲೂ ಇದೇ ಭಯ. ಆದುದರಿಂದ 'ಶಾಮಕ ಒಂದೇ' ಎಂದು ಮನೆಯವರು ಹೇಳಿ, ಇನ್ನೊಂದನ್ನು ಮುಚ್ಚಿಟ್ಟರೆ ರೋಗಿಗೆ ಎಂತಹ ಹಾನಿಯಾದೀತು ನೋಡಿ.

ಆರು ಗಂಟೆಯ ಕಾವಲು

ಟ್ರೈಸೈಕ್ಲಿಕ್ ವಿಷದ ದೊಡ್ಡ ತೊಂದರೆಗಳು ಹೆಚ್ಚಾಗಿ ಮೊದಲ ಆರು ಗಂಟೆಯೊಳಗೆ ತಲೆಯೆತ್ತುತ್ತವೆ. ಆದುದರಿಂದ ಚೆನ್ನಾಗಿಯೇ ಕಾಣುವ ರೋಗಿಯನ್ನೂ ಕನಿಷ್ಠ ಆರು ಗಂಟೆ ಯಂತ್ರದ ಕಣ್ಣಿನಡಿ ಇಟ್ಟುಕೊಳ್ಳುತ್ತಾರೆ. ಆಗ ಎಚ್ಚರ, ನಾಡಿ, ರಕ್ತದೊತ್ತಡ, ಇ.ಸಿ.ಜಿ. ಎಲ್ಲವೂ ಸರಿಯಿದ್ದರೆ ಮುಂದಿನ ಹೆಜ್ಜೆ. ಯಾವುದಾದರೂ ಒಂದು ಕೆಟ್ಟಿದ್ದರೆ ತೀವ್ರ ನಿಗಾ ಘಟಕ. ಮುದುಕರಲ್ಲಿ ಶಾಮಕದ ಮಂಪರು ಒಂದೆರಡು ದಿನ ಎಳೆಯಬಹುದು. ಆ ಹೊತ್ತಿನಲ್ಲಿ ಮೂತ್ರ ಕಟ್ಟಿದೆಯೇ, ಶ್ವಾಸಕೋಶಕ್ಕೆ ವಾಂತಿ ಹೋಗಿ ನ್ಯುಮೋನಿಯಾ ಆಗಿದೆಯೇ, ಒಂದೇ ಮಗ್ಗುಲಲ್ಲಿ ಬಹಳ ಹೊತ್ತು ಬಿದ್ದಿದ್ದರಿಂದ ಮಾಂಸಖಂಡ ಜಜ್ಜಿ ಮೂತ್ರಪಿಂಡಕ್ಕೆ ತೊಂದರೆಯಾಗಿದೆಯೇ ಎಂದೂ ನೋಡುತ್ತಾರೆ.

ದೊಡ್ಡ ಆಸ್ಪತ್ರೆಯೇ ಬೇಕು ಎಂದು ಹತ್ತಿರದ್ದನ್ನು ದಾಟಿ ನೇರ ಮಂಗಳೂರಿಗೆ ಓಡಿಸುವುದು ಸರಿಯಲ್ಲ. 2020ರ ಮಾರ್ಚ್ ಕೊನೆಯಲ್ಲಿ ತಲಪಾಡಿಯಲ್ಲಿ ರಸ್ತೆ ಮುಚ್ಚಿ ನಮ್ಮ ರೋಗಿಗಳು ದಾರಿಯಲ್ಲೇ ಉಳಿದುದನ್ನು ನಾವು ಮರೆತಿಲ್ಲ. ರಸ್ತೆ ತೆರೆದಿರುವಾಗಲೂ ಮಾತಿಗೆ ಅದೇ ಬೆಲೆ. ಆಮ್ಲಜನಕ ಮತ್ತು ಇ.ಸಿ.ಜಿ. ಇರುವ ಹತ್ತಿರದ ಆಸ್ಪತ್ರೆಯಲ್ಲಿ ಮೊದಲು ಉಸಿರು, ನಾಡಿಯನ್ನು ಭದ್ರಪಡಿಸಿ, ಆಮೇಲೆ ಬೇಕಾದರೆ ಆಂಬುಲೆನ್ಸಿನಲ್ಲಿ ಮುಂದಕ್ಕೆ ಕಳುಹಿಸಲಿ.

ಮೈ ಸುಧಾರಿಸಿದ ಮೇಲೆ ಮನಸ್ಸಿನ ಪರೀಕ್ಷೆ

ಇದನ್ನು ಬಿಟ್ಟು ಮನೆಗೆ ಕರೆದುಕೊಂಡು ಹೋದರೆ ಚಿಕಿತ್ಸೆ ಅರ್ಧ ಮಾತ್ರ ಆದ ಹಾಗೆ. ಕೆಲವರು ತಪ್ಪಿ ಎರಡು ಸಲ ನುಂಗಿರುತ್ತಾರೆ, ಕೆಲವರದು ಮಗುವಿನ ಆಟ. ಉಳಿದವರಲ್ಲಿ ಬಹಳಷ್ಟು ಮಂದಿ ತಾಳಲಾರದ ನೋವಿನಲ್ಲಿ ಹಾಗೆ ಮಾಡಿಕೊಂಡಿರುತ್ತಾರೆ. ಮನೋವೈದ್ಯರು ರೋಗಿಯನ್ನು ಒಬ್ಬರನ್ನೇ ಕೂರಿಸಿಕೊಂಡು ಸಾವಧಾನವಾಗಿ ಕೇಳುತ್ತಾರೆ: ಆ ಹೊತ್ತಿನಲ್ಲಿ ಮನಸ್ಸಿನಲ್ಲಿ ಏನಿತ್ತು, ಈಗ ಬದುಕಿ ಉಳಿದುದಕ್ಕೆ ಏನನಿಸುತ್ತದೆ, ಹಿಂದೆಯೂ ಹೀಗೆ ಆಗಿತ್ತೇ, ಕುಡಿತ ಇದೆಯೇ, ಸಾಲದ ಚಿಂತೆಯೇ, ಮನೆಯಲ್ಲಿ ಜಗಳವೇ, ಮನೆಗೆ ಹೋದರೆ ಜೊತೆಗಿರಲು ಯಾರಿದ್ದಾರೆ? ಖಿನ್ನತೆಯ ಮಾತ್ರೆ ಗುಣ ತೋರಿಸಲು ಕೆಲವು ವಾರಗಳು ಹಿಡಿಯುತ್ತವೆ ಎಂಬುದನ್ನೂ, ಆ ಮೊದಲ ವಾರಗಳಲ್ಲಿ ಮನೆಯವರ ಕಣ್ಣು ಹೆಚ್ಚು ಬೇಕೆಂಬುದನ್ನೂ ಆಗ ತಿಳಿಸುತ್ತಾರೆ. ಮುಂದಕ್ಕೆ ಯಾವ ಮಾತ್ರೆ, ಒಂದು ಸಲಕ್ಕೆ ಎಷ್ಟು ದಿನದ್ದು ಎಂದು ನಿರ್ಧರಿಸುವುದೂ ಆಗಲೇ.

'ಸಾಯುವ ಯೋಚನೆ ಬರುತ್ತದೆಯೇ' ಎಂದು ನೇರವಾಗಿ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ಹಾಕಿದಂತಾಗುತ್ತದೆ ಎಂದು ನಮ್ಮಲ್ಲಿ ಹೆದರುವವರಿದ್ದಾರೆ. ಅದು ತಪ್ಪು ತಿಳಿವಳಿಕೆ. ಪ್ರೀತಿಯಿಂದ ಕೇಳಿದವರ ಎದುರು ಭಾರ ಇಳಿಸಿಕೊಳ್ಳಲು ದಾರಿಯಾಗುತ್ತದೆ. 'ಯಾಕೆ ಹೀಗೆ ಮಾಡಿದೆ, ಮನೆತನದ ಮರ್ಯಾದೆ ಕಳೆದೆ' ಎಂದು ಆಸ್ಪತ್ರೆಯ ಮಂಚದ ಪಕ್ಕದಲ್ಲೇ ಗದರಿಸುವುದನ್ನು ಮಾತ್ರ ದಯವಿಟ್ಟು ಮಾಡಬೇಡಿ.

ಮುಚ್ಚಿಡಲು ಕಾರಣವಿಲ್ಲ

ಮನೆಯವರು ಸುಳ್ಳು ಹೇಳುವುದು ಎರಡು ಭಯದಿಂದ. ಒಂದು ಪೊಲೀಸರ ಭಯ, ಇನ್ನೊಂದು ಊರಿನ ಮತ್ತು ಇಗರ್ಜಿಯ ಭಯ.

ವಿಷದ ಪ್ರಕರಣವಾದರೆ ಆಸ್ಪತ್ರೆಯವರು ಪೊಲೀಸರಿಗೆ ತಿಳಿಸುವುದು ಕ್ರಮ. ಆದರೆ ಅದಕ್ಕಾಗಿ ಚಿಕಿತ್ಸೆ ನಿಲ್ಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1989ರಲ್ಲಿ ಪರಮಾನಂದ ಕಟಾರಾ ಮೊಕದ್ದಮೆಯಲ್ಲಿ ಸ್ಪಷ್ಟವಾಗಿ ಹೇಳಿದೆ. 2017ರ ಮಾನಸಿಕ ಆರೋಗ್ಯ ಕಾಯಿದೆಯ 115ನೆಯ ಸೆಕ್ಷನ್ ಪ್ರಕಾರ ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಮಾನಸಿಕ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು. ಅವರಿಗೆ ಆರೈಕೆ, ಚಿಕಿತ್ಸೆ ಒದಗಿಸುವುದು ಸರಕಾರದ ಹೊಣೆ. ಹಳೆಯ ದಂಡ ಸಂಹಿತೆಯ 309ನೆಯ ಸೆಕ್ಷನ್ 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇಲ್ಲ.

ಇಗರ್ಜಿಯ ವಿಷಯ. 1917ರ ಧರ್ಮಸಭೆಯ ಕಾನೂನು ತಿಳಿದು ತಿಳಿದೇ ಆತ್ಮಹತ್ಯೆ ಮಾಡಿಕೊಂಡವರಿಗೆ ಕ್ರೈಸ್ತ ದಫನವನ್ನು ನಿರಾಕರಿಸುತ್ತಿತ್ತು. 1983ರ ಕಾನೂನಿನಲ್ಲಿ ಆ ಮಾತು ಇಲ್ಲ. ತೀವ್ರ ಮಾನಸಿಕ ವ್ಯಥೆ ಮನುಷ್ಯನ ಹೊಣೆಯನ್ನು ತಗ್ಗಿಸುತ್ತದೆ ಎಂದು 1992ರ ಕಥೋಲಿಕ ಧರ್ಮೋಪದೇಶ ಗ್ರಂಥವೂ ಒಪ್ಪುತ್ತದೆ. ಹಾಗಿರುವಾಗ ಬದುಕಿ ಬಂದವರನ್ನು ದೂರವಿಡಲು ನಮಗೆ ಯಾವ ಅಧಿಕಾರವೂ ಇಲ್ಲ. ವಾರ್ಡಿನ ಗುರ್ಕಾರರು, ನೆರೆಕರೆಯವರು ಅಂತಹ ಮನೆಗೆ ಹೋಗುವಾಗ ಸುದ್ದಿ ಕೇಳಲು ಹೋಗದೆ ಒಂದು ಹೊತ್ತಿನ ಊಟ, ಒಂದು ದಿನದ ಕೆಲಸದ ಸಹಾಯ ಕೊಂಡುಹೋಗಲಿ.

ಮನೆಯಲ್ಲಿ ನೆನಪಿಡಬೇಕಾದುದು

1. ಎಷ್ಟು ನುಂಗಿದರೆಂದು ಸಂಶಯವಿದ್ದರೂ ಕಾಯಬೇಡಿ. ಲಕ್ಷಣ ಇಲ್ಲದಿದ್ದರೂ ಕೂಡಲೇ ಹೊರಡಿ. ಆಂಬುಲೆನ್ಸಿಗೆ 108.

2. ಮಲಗಿದವರನ್ನು ಎಡ ಮಗ್ಗುಲಿಗೆ ತಿರುಗಿಸಿ, ಬಾಯಿ ಕೆಳಮುಖವಾಗಿರಲಿ. ಒಬ್ಬರು ಪಕ್ಕದಲ್ಲೇ ಕುಳಿತು ಉಸಿರು ನೋಡುತ್ತಿರಲಿ.

3. ಬೆರಳು ಹಾಕಿ ವಾಂತಿ ಮಾಡಿಸಬೇಡಿ. ಉಪ್ಪುನೀರು, ಹುಣಸೆ ನೀರು, ಸಾಬೂನು ನೀರು, ಮಜ್ಜಿಗೆ, ಕಾಫಿ ಯಾವುದನ್ನೂ ಕುಡಿಸಬೇಡಿ. ಎಬ್ಬಿಸಿ ನಡೆಸಬೇಡಿ.

4. ಖಾಲಿಯಾದ ಹಾಳೆ, ಉಳಿದ ಮಾತ್ರೆ, ಎರಡೂ ಕಡೆಯ ವೈದ್ಯರ ಚೀಟಿ, ಕಸದ ಬುಟ್ಟಿಯಲ್ಲಿ ಸಿಕ್ಕಿದ್ದು, ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿ ಕೊಂಡುಹೋಗಿ. ತೋಟದ ಮದ್ದಿನ ಬಾಟಲಿ ತೆರೆದಿದೆಯೇ ಎಂದು ನೋಡಿ ಅದನ್ನೂ ಹೇಳಿ.

5. ವೈದ್ಯರಿಗೆ ಹೇಳಬೇಕಾದ ಐದು ಸಂಗತಿಗಳು: ಯಾವ ಮಾತ್ರೆ, ಹೆಚ್ಚೆಂದರೆ ಎಷ್ಟು, ಯಾವ ಹೊತ್ತಿಗೆ, ಜೊತೆಗೆ ಮದ್ಯ ಅಥವಾ ಬೇರೆ ಏನಾದರೂ ಇತ್ತೇ, ದಿನವೂ ಯಾವ ಮದ್ದು ತೆಗೆದುಕೊಳ್ಳುತ್ತಿದ್ದರು. ಹೊತ್ತು ಸರಿಯಾಗಿ ಗೊತ್ತಿಲ್ಲದಿದ್ದರೆ 'ಕೊನೆಯದಾಗಿ ಚೆನ್ನಾಗಿ ಕಂಡದ್ದು ಇಷ್ಟು ಗಂಟೆಗೆ' ಎಂದು ಹೇಳಿ.

6. ದೊಡ್ಡವರ ಒಂದೆರಡು ಮಾತ್ರೆಯೂ ಎಳೆಯ ಮಗುವಿಗೆ ಅಪಾಯ. ಮಾತ್ರೆಗಳು ಬೀಗವಿರುವ ಪೆಟ್ಟಿಗೆಯಲ್ಲಿರಲಿ, ಕೀಲಿ ಮನೆಯ ಒಬ್ಬ ಹೊಣೆಗಾರರ ಕೈಯಲ್ಲಿರಲಿ. ತೋಟದ ಮದ್ದಿಗೂ ಬೇರೆ ಕೋಣೆ, ಬೇರೆ ಬೀಗ.

7. ಒಬ್ಬರ ಮಾತ್ರೆ ಇನ್ನೊಬ್ಬರಿಗೆ ಕೊಡಬೇಡಿ. ಚೀಟಿ ಇಲ್ಲದೆ ಶಾಮಕ ಕೇಳಬೇಡಿ. ಡಯಜೆಪಾಮ್, ಆಲ್ಪ್ರಜೋಲಾಮ್, ಕ್ಲೋರ್‌ಡಯಜೆಪಾಕ್ಸೈಡ್ ಮೊದಲಾದವು 2014ರ ಮಾರ್ಚಿನಿಂದ 'ಎಚ್1' ಪಟ್ಟಿಯಲ್ಲಿವೆ. ಮದ್ದಿನ ಅಂಗಡಿಯವರು ಅವುಗಳ ಲೆಕ್ಕವನ್ನು ಪುಸ್ತಕದಲ್ಲಿ ಬರೆದಿಡಬೇಕು.

8. ಈ ಲೇಖನ ಓದಿ ಹೆದರಿ, ನಡೆಯುತ್ತಿರುವ ಮಾತ್ರೆಯನ್ನು ಥಟ್ಟನೆ ನಿಲ್ಲಿಸಬೇಡಿ. ಅದರಿಂದಲೂ ತೊಂದರೆಯಾಗುತ್ತದೆ. ಅಳತೆ ಇಳಿಸುವುದಾದರೆ ವೈದ್ಯರೇ ಇಳಿಸಬೇಕು.

ಮನಸ್ಸು ಕುಸಿದಾಗ ಮಾತನಾಡಲು 2022ರ ಅಕ್ಟೋಬರಿನಿಂದ ಕೇಂದ್ರ ಸರಕಾರದ 'ಟೆಲಿ ಮಾನಸ್' ಸೇವೆ ಇದೆ. 14416ಕ್ಕೆ ಹಗಲು ರಾತ್ರಿ ಯಾವಾಗಲಾದರೂ ಕರೆ ಮಾಡಬಹುದು, ಖರ್ಚಿಲ್ಲ. ಕನ್ನಡದಲ್ಲೂ ಮಲೆಯಾಳದಲ್ಲೂ ಮಾತನಾಡುವವರಿದ್ದಾರೆ. ಕೇರಳ ಸರಕಾರದ 'ದಿಶ' ಸಹಾಯವಾಣಿಯ ಸಂಖ್ಯೆ 1056. ಈ ಮೂರು ಸಂಖ್ಯೆಗಳನ್ನು, 108, 14416 ಮತ್ತು 1056, ಇಂದೇ ಒಂದು ಕಾಗದದಲ್ಲಿ ಬರೆದು ಮಾತ್ರೆಯ ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿಡಿ ಎಂದು ವಾಚಕರಲ್ಲಿ ನಮ್ಮ ವಿನಂತಿ.